ಫಟಫಟಿಯ ಕುತ್ತಿಗೆಯ ಮೇಲಿನ ಹೆಸರು

ಕೆಲವು ಮಧ್ಯಾಹ್ನಗಳು ಮುಗಿಯುವುದೇ ಇಲ್ಲ. ವರ್ಷಗಳು ಅವನ್ನು ಬಳಸಿಕೊಂಡು ಹೋಗುತ್ತವೆ, ಅವು ಮಾತ್ರ ಬಿಸಿಲಲ್ಲಿ ಹಾಗೇ ನಿಂತಿರುತ್ತವೆ. ನನಗೆ ಚಿಕ್ಕೋಡಿ ಅಂದರೆ ಅಂಥದೊಂದು ಮಧ್ಯಾಹ್ನ. ಗಾಡಿಗಳ ನೋಂದಣಿ ಮಾಡುವ ಕಚೇರಿಯ ಮುಂದೆ ಒಂದು ಬೇವಿನ ಮರ, ಮರದ ಕೆಳಗೆ ಕೆಂಪು ಮೋಟಾರ್ ಸೈಕಲ್ಲು, ಅದರ ಹ್ಯಾಂಡಲ್ಲಿನ ಬುಡದಲ್ಲಿ ತೆಳ್ಳನೆಯ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜುತ್ತಿರುವ ನಾನು. ಬೇವಿನ ಹೂವು ಸದ್ದಿಲ್ಲದೆ ಉದುರಿ ಸೀಟಿನ ಮೇಲೆ, ನನ್ನ ಕಾಲರಿನೊಳಗೆ ಬೀಳುತ್ತಿದೆ. ಹಳೆಯ ಗಾಡಿ ಕೊಂಡವನು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದು ಅರ್ಜಿಗೆ ಅಂಟಿಸಬೇಕಿತ್ತು. ಗಾಡಿಯ ಮೈಯ ಕಬ್ಬಿಣದ ಮೇಲೆ ಕಾರಖಾನೆಯವರೇ ಹೊಡೆದು ಕಳಿಸಿದ ನಂಬರು ಅದು. ಕಾಗದ ಇಟ್ಟು ಪೆನ್ಸಿಲ್ ಓರೆಯಾಗಿ ಉಜ್ಜಿದರೆ ಬೂದು ಬಣ್ಣದ ನಡುವೆ ಅಂಕಿಗಳು ಬೆಳ್ಳಗೆ ಎದ್ದು ಬರುತ್ತವೆ.

ನಾನು ಉಜ್ಜಿದೆ. ಅಂಕಿಗಳು ಎದ್ದು ಬಂದವು, ಆದರೆ ಚುಕ್ಕೆ ಚುಕ್ಕೆಯಾಗಿ. ಅಂಕಿಗಳ ಕೆಳಗೆ ಮತ್ತೇನೋ ಎದ್ದು ಬರತೊಡಗಿತು. ಇನ್ನಷ್ಟು ಉಜ್ಜಿದೆ. ಒಂದು ಹೆಂಗಸಿನ ಹೆಸರು, ದುಂಡನೆಯ ಕನ್ನಡ ಅಕ್ಷರಗಳಲ್ಲಿ.

ಆಗ ತೊಂಬತ್ತರ ದಶಕ ಶುರುವಾಗಿ ಬಹಳ ದಿನವಾಗಿರಲಿಲ್ಲ. ನಾನು ಅಥಣಿ ತಾಲೂಕಿನ ಐಗಳಿಯಲ್ಲಿ ದನದ ದವಾಖಾನೆಯ ಕೆಲಸದಲ್ಲಿದ್ದೆ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ಎಳೆದವನನ್ನು ಜನ ಡಾಕ್ಟರ್ ಅನ್ನದೆ ಮತ್ತೇನನ್ನಬೇಕು? ಐಗಳಿಯಿಂದ ತೆಲಸಂಗದವರೆಗೆ ಸೈಕಲ್ ತುಳಿಯುತ್ತಿದ್ದೆ. ಬೇಸಿಗೆಯಲ್ಲಿ ಆ ದಾರಿಯ ಮೇಲೆ ಗಾಳಿಯೇ ಕಾದು ನೀರಿನ ಹಾಗೆ ನಡುಗುತ್ತಿತ್ತು. ದೂರದಲ್ಲಿ ಒಂದು ಕೆರೆ ಕಾಣುತ್ತಿತ್ತು, ಹತ್ತಿರ ಹೋದಂತೆ ಹಿಂದೆ ಸರಿಯುತ್ತಿತ್ತು. ಒಂದು ಸಲ ತೆಲಸಂಗದ ಹೊಲದ ಮನೆಯೊಂದರಲ್ಲಿ ಆಕಳ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ನಾನು ಆ ಸುಳ್ಳು ಕೆರೆಗಳನ್ನೆಲ್ಲ ದಾಟಿ ತಲುಪುವಷ್ಟರಲ್ಲಿ ಆಕಳೂ ಇರಲಿಲ್ಲ, ಕರುವೂ ಇರಲಿಲ್ಲ. ಮನೆಯಾಕೆ ನನಗೆ ಒಂದು ಮಾತೂ ಅನ್ನಲಿಲ್ಲ, ಬೆವರು ಒರೆಸಿಕೊಳ್ಳಲು ಟವೆಲ್ಲು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಅವತ್ತೇ ಒಂದು ಫಟಫಟಿ ಕೊಳ್ಳಲೇಬೇಕೆಂದು ನಿಶ್ಚಯ ಮಾಡಿದೆ.

ನಮ್ಮ ಕಡೆ ಮೋಟಾರ್ ಸೈಕಲ್ಲಿಗೆ ಫಟಫಟಿ ಅಂತಲೇ ಹೆಸರು. ಈ ಕೆಂಪು ಫಟಫಟಿ ಕಾಗವಾಡದ ಹತ್ತಿರ, ಕೃಷ್ಣಾ ನದಿಯ ದಂಡೆಯ ತೋಟದಲ್ಲಿದ್ದ ಒಬ್ಬ ಜೈನ ರೈತರದು. ನನ್ನ ಮೊದಲ ನೌಕರಿ ಅವರೂರಲ್ಲೇ ಆಗಿತ್ತು. ಅವರ ಎತ್ತುಗಳಿಗೆ ಔಷಧ ಹಾಕಲು ಹೋಗಿ ಬಂದು ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುವಷ್ಟು ಬಳಕೆಯಾಗಿತ್ತು. ಕಾಕಾಗೆ ಐವತ್ತು ದಾಟಿತ್ತು, ಗಟ್ಟಿ ಆಳು, ಮಾತು ಕಡಿಮೆ. ಎಂಟೊಂಬತ್ತು ವರ್ಷ ಆ ಗಾಡಿಯ ಮೇಲೆ ಕಾಕುವನ್ನು ಹಿಂದೆ ಕೂರಿಸಿಕೊಂಡು ಅವರು ಬಸದಿಗೆ, ಬೀಗರ ಊರಿಗೆ, ರಾಯಬಾಗದ ಸಂತೆಗೆ ಓಡಾಡಿದ್ದರು. ಈಗ ಕಾಕುವಿಗೆ ಸೊಂಟನೋವು. ಹಿಂದೆ ಕೂರುವವರೇ ಇಲ್ಲದ ಮೇಲೆ ಗಾಡಿ ಯಾಕೆ ಎಂದು ಮಾರಲು ಹೊರಟಿದ್ದರು.

ವ್ಯಾಪಾರ ದನದ ಸಂತೆಯ ರೀತಿಯಲ್ಲೇ ಆಯಿತು. ಕಾಕಾ ನನ್ನ ಕೈಮೇಲೆ ರುಮಾಲು ಹಾಕಿ ಒಳಗೆ ಬೆರಳು ಹಿಡಿದು ಬೆಲೆ ತಿಳಿಸಿದರು. ನಾನು ಬೆಲೆ ಇಳಿಸಲು ಒಂದು ಬೆರಳು ಮಡಚಿದೆ. ಅವರು ನಕ್ಕು ಒಪ್ಪಿದರು.

"ಹಾಯಂಗಿಲ್ರಿ ಡಾಕ್ಟರ್ರ, ಭಾಳ ಸಾದಾ ಐತಿ," ಎಂದು ಎತ್ತು ಮಾರುವವರ ಹಾಗೆ ಅಂದರು. "ಒದಿಯಾಕ ಮಾತ್ರ ನೀವ ಒದೀಬೇಕ, ಅಂದ್ರ ಚಾಲೂ ಆಗತೈತಿ."

ನಾನು ಎತ್ತು ಕೊಳ್ಳುವವನಿಗೆ ಹಲ್ಲು ಹಿಡಿದು ವಯಸ್ಸು ಹೇಳುವ ಮನುಷ್ಯ. ಆಕಳ ಕೋಡಿನ ಬುಡದ ಉಂಗುರ ಎಣಿಸಿ ಎಷ್ಟು ಸೂಲು ಆಗಿವೆ ಎಂದು ಹೇಳುವವನು. ಆದರೆ ಗಾಡಿಯ ಕುತ್ತಿಗೆಯನ್ನು, ಅಂದರೆ ಹ್ಯಾಂಡಲ್ಲಿನ ಕೆಳಗಿನ ಕಬ್ಬಿಣವನ್ನು, ಬಗ್ಗಿ ನೋಡಲಿಲ್ಲ. ಅಲ್ಲಿ ದಪ್ಪಗೆ ಕೆಂಪು ವಾರ್ನಿಸು ಮೆತ್ತಿತ್ತು. ಗಾಡಿಯ ಉಳಿದ ಕೆಂಪು ಬೇರೆ, ಆ ಕೆಂಪು ಬೇರೆ. ಅದೇ ಕೆಂಪು ಪಕ್ಕದಲ್ಲಿ ಮೆಲುಕು ಹಾಕುತ್ತ ನಿಂತ ಎತ್ತುಗಳ ಕೋಡಿಗೂ ಇತ್ತು. ಎರಡನ್ನೂ ಕಂಡೆ, ಚೆಂದ ಅಂದುಕೊಂಡೆ, ಅಷ್ಟಕ್ಕೇ ಬಿಟ್ಟೆ.

ಹಾಗಾಗಿ ಚಿಕ್ಕೋಡಿಯ ಬೇವಿನ ಮರದ ಕೆಳಗೆ ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿ ಆ ವಾರ್ನಿಸು ಒರೆಸಿ ಪೆನ್ಸಿಲ್ ಉಜ್ಜಿದಾಗಲೇ ನನಗೆ ಗೊತ್ತಾದದ್ದು, ಅಲ್ಲಿ ಕಾರಖಾನೆಯ ನಂಬರು ಇಲ್ಲವೆಂದು. ಯಾರೋ ಹಳೆಯದನ್ನು ಉಜ್ಜಿ ತೆಗೆದಿದ್ದರು, ಕೈಯಿಂದ ಹೊಸದನ್ನು ಕೊರೆದಿದ್ದರು. ಸಾಲದ್ದಕ್ಕೆ ಆ ಹೆಸರು.

ಇನ್ಸ್‌ಪೆಕ್ಟರು ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ. ಅಚ್ಚಿನ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆರ್‌ಸಿ ಬುಕ್ಕಲ್ಲಿರೋ ನಂಬರೇ ಇದು. ಆದರೆ ಇದನ್ನ ಕಂಪನಿ ಹೊಡೆದಿಲ್ಲ. ಕದ್ದ ಗಾಡಿಗಳಿಗೆ ಹೀಗೇ ಮಾಡ್ತಾರೆ, ಗೊತ್ತಲ್ಲ? ಹಳೇ ನಂಬರ್ ಅರ ಹಾಕಿ ತೆಗೆಯೋದು, ಬೇರೆ ಗಾಡಿಯ ನಂಬರ್ ಕೊರೆಯೋದು. ಈ ಹೆಸರು ಯಾರದು?"

"ಗೊತ್ತಿಲ್ರಿ."

"ಮಾರಿದವರ ಹೆಂಡತಿ ಹೆಸರೇ?"

ಅಲ್ಲ. ಕಾಕುವಿನ ಹೆಸರು ನನಗೆ ಗೊತ್ತಿತ್ತು. ಮಗಳ ಮದುವೆಯ ಕರೆಯೋಲೆಯಲ್ಲಿ ಓದಿದ್ದೆ. ಮಗಳ ಹೆಸರೂ ಇದಲ್ಲ. ಆ ಮನೆಯಲ್ಲಿ ಈ ಹೆಸರಿನವರು ಯಾರೂ ಇರಲಿಲ್ಲ. ಇನ್ಸ್‌ಪೆಕ್ಟರು ನನ್ನ ಕಾಗದಗಳನ್ನು ತಮ್ಮ ಬಳಿಯೇ ಇಟ್ಟುಕೊಂಡರು.

"ಎಂಟು ದಿನ ಕೊಡ್ತೀನಿ. ಮಾರಿದವರನ್ನ ಕರ್ಕೊಂಡು ಬನ್ನಿ, ಅವರ ಬಾಯಲ್ಲಿ ಕೇಳೋಣ. ಇಲ್ಲಾಂದ್ರೆ ಗಾಡಿ ಪೊಲೀಸ್ ಠಾಣೆಗೆ ಹೋಗುತ್ತೆ. ಅವರ ಮೇಲೆ ಕೇಸ್ ಆಗುತ್ತೆ, ನಿಮ್ಮನ್ನೂ ಕರೀತಾರೆ."

ನಾನು ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಓಣಿಯ ತಂಬಾಕಿನ ಘಾಟಿನ ಹಾಗೆ ನನ್ನ ಸಿಟ್ಟು, ಮೂಗಿಗೆ ಏರಿತೆಂದರೆ ಕಣ್ಣು ಕಾಣುವುದಿಲ್ಲ. ಗಾಡಿ ಒದ್ದು ಚಾಲೂ ಮಾಡಿ ಸೀದಾ ಕಾಗವಾಡದ ದಾರಿ ಹಿಡಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾಳಿಗೆ ಹೇಳುತ್ತ ಹೋದೆ. ನೌಕರಿಯವನ ಹೆಸರು ಠಾಣೆಯ ಪುಸ್ತಕದಲ್ಲಿ ಬಂದರೆ ಏನಾದೀತು? ಮತ್ತೆ ಸೈಕಲ್ಲು, ಮತ್ತೆ ಆ ಸುಳ್ಳು ಕೆರೆಗಳು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಒಂದೇ: ಕಾಕಾ ನನ್ನನ್ನು ನೋಡಿ ನಕ್ಕದ್ದು, ರುಮಾಲಿನ ಕೆಳಗೆ ನನ್ನ ಕೈ ಹಿಡಿದದ್ದು. ಆ ಕೈ ನನಗೆ ಇಷ್ಟವಾಗಿತ್ತು. ಇಷ್ಟವಾದವರು ಮೋಸ ಮಾಡಿದರೆ ಆಗುವ ಸಿಟ್ಟೇ ಬೇರೆ.

ಆದರೂ ಆ ದಾರಿಯನ್ನು ನೆನೆದರೆ ಸಿಟ್ಟಿಗಿಂತ ಮೊದಲು ನೆನಪಾಗುವುದು ಬೆಳಕು. ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಹೊತ್ತು ಇಳಿಯುತ್ತಿತ್ತು. ಕೆಳಗೆ ನೀರು ತೆಳ್ಳಗೆ, ಅಲ್ಲಲ್ಲಿ ಮಳಲಿನ ದಿಬ್ಬ, ಒಂದು ದಿಬ್ಬದ ಮೇಲೆ ಯಾರೋ ಬಿಳಿ ಸೀರೆ ಒಣಹಾಕಿದ್ದರು. ಆಲೆಮನೆಯ ಬೆಲ್ಲದ ವಾಸನೆ ಗಾಳಿಯಲ್ಲಿ ಬಂದು ಹೋಗುತ್ತಿತ್ತು. ಗಾಡಿಯ ಸದ್ದು ಕೂಡ ದೂರದ ಇನ್ನಾರದೋ ಗಾಡಿಯ ಸದ್ದಿನಂತೆ ಕೇಳಿಸುತ್ತಿತ್ತು. ಕಿಸೆಯಲ್ಲಿ ಆ ಹೆಸರಿನ ಇನ್ನೊಂದು ಪೆನ್ಸಿಲ್ ಅಚ್ಚು ಮಡಚಿ ಇಟ್ಟಿದ್ದೆ. ನಡುನಡುವೆ ಸಿಟ್ಟು ಮರೆತು ಈ ಹೆಂಗಸು ಯಾರಿರಬಹುದು ಎಂದು ಯೋಚಿಸುತ್ತಿದ್ದೆ. ಯಾವ ಊರಿನಲ್ಲೋ ತನ್ನ ಮನೆಯ ಗಾಡಿ ಕಳೆದುಕೊಂಡವಳು, ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರುವವಳು. ಅವಳಿಗೆ ಒಂದು ಮುಖವನ್ನೂ ಕಟ್ಟಿಬಿಟ್ಟಿದ್ದೆ.

ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ನಾನು ಅಂಗಳಕ್ಕೆ ಹೋದಾಗ ಒಳಗೆ ಕಾಕು ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಕಾಕಾ ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದರು.

"ಬರ್ರಿ ಡಾಕ್ಟರ್ರ, ಸರೀ ವ್ಯಾಳ್ಯಾಕ್ಕ ಬಂದ್ರಿ," ಅಂದರು. "ಹೊತ್ತ ಮುಣಗಾಕತ್ತೈತಿ, ಮೊದ್ಲ ಉಣ್ರಿ. ಆಮ್ಯಾಲ ಮಾತ."

"ಉಣ್ಣಾಕ ಬಂದಿಲ್ರಿ," ಅಂದೆ. "ಈ ಗಾಡಿ ಯಾರ ಮನೀದು?"

"ಅಂದ್ರ?"

"ನಂಬರ ಉಜ್ಜಿ ತಗದಾರ. ಹೊಸಾದ ಕೊರದಾರ. ಚಿಕ್ಕೋಡ್ಯಾಗ ಸಾಹೇಬರು ಕಳುವಿನ ಗಾಡಿ ಅಂತ ಅನ್ನಾಕತ್ತಾರ. ಎಂಟ ದಿನದಾಗ ನೀವು ಬಂದು ಹೇಳಲಿಲ್ಲ ಅಂದ್ರ ಗಾಡಿ ಠಾಣೆಕ್ಕ, ನಿಮ್ಮ ಮ್ಯಾಲ ಕೇಸ. ಕಾಕಾ ಅಂತ ಕರದ್ನಲ್ರಿ ನಿಮ್ಮನ್ನ. ನನಗ ಕಳುವಿನ ಮಾಲ ಮಾರಿದ್ರೇನು?"

ಕಳ್ಳ ಎಂಬ ಮಾತನ್ನು ನಾನು ಆಡಲಿಲ್ಲ, ಆದರೆ ಆಡದೆ ಬಿಟ್ಟದ್ದೂ ಏನಿರಲಿಲ್ಲ. ಪಕ್ಕದ ತೋಟದ ಇಬ್ಬರು ನೀರಿನ ಕಾಲುವೆಯ ಹತ್ತಿರ ನಿಂತು ಕೇಳುತ್ತಿದ್ದರು. ಕಾಕಾನ ಮುಖ ಬಾಡಿತು. ಅವರ ಕಣ್ಣು ಗಾಡಿಯ ಕುತ್ತಿಗೆಯ ಕಡೆ ಹೋಗಿ ಬಂತು. ಆ ನೋಟವೇ ನನಗೆ ಸಾಕ್ಷಿಯಾಯಿತು. ಕಿಸೆಯಿಂದ ಕಾಗದ ತೆಗೆದು ಬಿಚ್ಚಿ, ಅಲ್ಲಿದ್ದ ಹೆಸರನ್ನು ದೊಡ್ಡ ದನಿಯಲ್ಲಿ ಓದಿದೆ.

"ಯಾರ್ರಿ ಈಕಿ?"

ಒಳಗೆ ರೊಟ್ಟಿಯ ಸದ್ದು ನಿಂತಿತು.

ಕಾಕು ಬಾಗಿಲಿಗೆ ಬಂದರು. ಎರಡೂ ಕೈಗೆ ಜೋಳದ ಹಿಟ್ಟು, ತಲೆಯ ಮೇಲಿನ ಸೆರಗು ಜಾರಿತ್ತು. ನನ್ನನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ಅಂಗಳದ ಆಚೆ, ಕಬ್ಬಿನ ಕಡೆ, ಯಾರೋ ಬರುತ್ತಿದ್ದಾರೇನೋ ಎಂಬಂತೆ ನೋಡಿದರು.

"ನನ್ನ ಯಾರ್ ಕರದ್ರಿ?" ಅಂದರು.

ಕಾಕಾ ತಲೆ ತಗ್ಗಿಸಿದ್ದರು, ಅವರ ಕಿವಿ ಕೆಂಪಾಗಿತ್ತು.

ಆಮೇಲೆ ಕಾಕುವೇ ಹೇಳಿದರು. ಅದು ಅವರ ತವರಿನ ಹೆಸರು. ಮದುವೆಯ ದಿನ ಪರಾತವೆಂಬ ಅಗಲ ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡನ ಉಂಗುರದಿಂದ ಹೊಸ ಹೆಸರು ಬರೆಸಿದ್ದರು. ನಮ್ಮ ಗಡಿಯ ಕಡೆ ಎಷ್ಟೋ ಮನೆಗಳಲ್ಲಿ ಹಾಗೇ. ಹುಡುಗಿ ಹೊಸ್ತಿಲು ದಾಟುವಾಗ ಹೊಸ ಹೆಸರಿನೊಂದಿಗೆ ದಾಟುತ್ತಾಳೆ, ಹಳೆಯದು ಅಕ್ಕಿಯ ಆಚೆಯೇ ಉಳಿಯುತ್ತದೆ. "ಅವ್ವ ಇರೂತನಾ ಅವ್ವ ಕರೀತಿದ್ಲು," ಅಂದರು ಕಾಕು. "ಅವ್ವ ಹ್ವಾದ ಮ್ಯಾಲ ಯಾರೂ ಇಲ್ಲ. ಈ ಮನ್ಯಾಗ ಆ ಹೆಸರ ಯಾರಿಗೂ ನೆನಪೂ ಇಲ್ಲ." ಅಷ್ಟು ಹೇಳಿ ಗಂಡನ ಕಡೆ ತಿರುಗಿದರು. "ನಿಮಗ ಹೆಂಗ ನೆನಪಿತ್ತು?"

ಕಾಕಾ ಎತ್ತುಗಳ ಕಡೆ ನೋಡುತ್ತ ಮಾತಾಡಿದರು, ಎತ್ತುಗಳಿಗೇ ಹೇಳುವ ಹಾಗೆ.

"ಹೆಣ್ಣ ನೋಡಾಕ ಬಂದಾಗ ನಿಮ್ಮವ್ವ ಹಿಂಗ ಕರದಿದ್ಲು. ನೀ 'ಓ' ಅಂದಿದ್ದಿ, ಒಳಗಿಂದ."

ಉಳಿದದ್ದನ್ನು ನನಗೆ ಹೇಳಿದರು. ಕಾರಹುಣ್ಣಿಮೆಯ ದಿನ ಎತ್ತಿನ ಕೋಡನ್ನು ಅರ ಹಾಕಿ ಹೆರೆದು, ಹಳೆಯ ಬಣ್ಣ ತೆಗೆದು, ಹೊಸದಾಗಿ ವಾರ್ನಿಸು ಬಳಿಯುವುದು ನಮ್ಮ ಕಡೆಯ ರೂಢಿ. ಫಟಫಟಿ ಮನೆಗೆ ಬಂದ ವರ್ಷ ಅವರು ಅದಕ್ಕೂ ಹಾಗೇ ಮಾಡಿದರು. "ಅದೂ ದುಡಿಯೂ ಜೀವಾ ಅಲ್ಲೇನ್ರಿ? ಎತ್ತಿಗಿ ಮಾಡಿ ಅದಕ್ಕ ಬಿಟ್ರ ಹೆಂಗ? ಅದರ ಹ್ಯಾಂಡಲ್ ಕೋಡ ಹೊಳಪಿನ್ವು, ಹೆರಿಯಾಕ ಮನಸ ಬರಲಿಲ್ಲ. ಕುತ್ತಿಗಿ ಹೆರದ್ನಿ." ವರ್ಷ ವರ್ಷ ಹೆರೆದರು, ವರ್ಷ ವರ್ಷ ಬಳಿದರು. ಐದನೆಯ ಕಾರಹುಣ್ಣಿಮೆಯ ಹೊತ್ತಿಗೆ ಬಣ್ಣದ ಜೊತೆಗೆ ನಂಬರೂ ಅರದ ಬಾಯಿಗೆ ಹೋಗಿತ್ತು. ಅದು ನಂಬರೆಂದು ತಿಳಿದದ್ದು ಹೋದ ಮೇಲೆ, ಯಾರೋ ಹೇಳಿದಾಗ.

ಅದೇ ವರ್ಷ ಮಗಳ ಮದುವೆಗೆಂದು ನಿಪ್ಪಾಣಿಗೆ ಹೋಗಿ ಪಾತ್ರೆ-ಭಾಂಡೆ ಕೊಂಡರು. ಭಾಂಡೆ ಅಂಗಡಿಯ ಮುಂದೆ ಗೋಣಿಚೀಲ ಹಾಸಿಕೊಂಡು, ತಂಬಿಗೆ ಕೊಡಗಳ ಮೇಲೆ ಹೆಸರು ಕೊರೆಯುವವನು ಕೂತಿರುತ್ತಾನೆ. ಪುಟ್ಟ ಸುತ್ತಿಗೆ, ಒಂದು ಉಕ್ಕಿನ ಮೊಳೆ, ಟಿಕ್ ಟಿಕ್ ಎಂದು ಚುಕ್ಕೆಯ ಅಕ್ಷರ. ಕಾಕಾ ಅವನ ಮುಂದೆ ಆರ್‌ಸಿ ಬುಕ್ಕು ಹಿಡಿದು, ಗಾಡಿಯ ಕುತ್ತಿಗೆ ತೋರಿಸಿ, ಇದನ್ನೂ ಹಾಕಿಬಿಡು ಅಂದರು. ಅವನು ಹಾಕಿದ. ಹಾಕಿ, ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದ: ಹೆಸರು ಏನು ಹಾಕಲಿ?

"ಮಗಳ ಕೊಡದ ಮ್ಯಾಲ ಮಗಳ ಹೆಸರ ಹಾಕಿದ್ದಾ," ಅಂದರು ಕಾಕಾ. "ಅಕಿ ಹೆಸರ ನಾಳೆ ಅಕ್ಕಿ ಮ್ಯಾಲ ಅಳಿಸಿ ಹೋಗತೈತಿ ಅಂತ ಯಾಕೋ ಮನಸಿಗಿ ಬಂತು. ಬಾಯಾಗ ಇದ ಬಂತ್ರಿ. ಮ್ಯಾಲ ವಾರ್ನಿಸ ಹಚ್ಚಿ ಬಿಟ್ನಿ, ಆಮ್ಯಾಲ ಹೆರಿಯಲಿಲ್ಲ."

ಕಾಕು ಅಂಗಳಕ್ಕಿಳಿದು ಗಾಡಿಯ ಹತ್ತಿರ ಹೋದರು. ಅವರಿಗೆ ಓದು ಬರುತ್ತಿರಲಿಲ್ಲ. ಹಿಟ್ಟಿನ ಬೆರಳನ್ನು ಆ ಚುಕ್ಕೆಗಳ ಮೇಲೆ ಮೆಲ್ಲಗೆ ಆಡಿಸಿದರು, ಕೌದಿಯ ಹೊಲಿಗೆ ಗಟ್ಟಿ ಇದೆಯೇ ಎಂದು ನೋಡುವ ಹಾಗೆ. ಹಿಟ್ಟು ಚುಕ್ಕೆಗಳಲ್ಲಿ ತುಂಬಿ ಹೆಸರು ಬೆಳ್ಳಗೆ ಕಾಣಿಸಿತು. ನಾಲ್ಕು ವರ್ಷ ಅದರ ಹಿಂದೆಯೇ ಕೂತು ಊರೂರು ತಿರುಗಿದ್ದರು.

ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಮುಳುಗುವ ಹೊತ್ತನ್ನು ನೋಡಿದೆ. ನಾಚಿಕೆಯಿಂದ ಅಳು ಬರುವ ಹಾಗಾಗಿತ್ತು. ದಾರಿಯುದ್ದಕ್ಕೂ ನಾನು ಮುಖ ಕಟ್ಟಿದ್ದ ಆ ಹೆಂಗಸು ಇಲ್ಲೇ ಇದ್ದರು, ನನಗೆ ಎಷ್ಟೋ ಸಲ ಮಜ್ಜಿಗೆ ಕೊಟ್ಟಿದ್ದರು. ತಪ್ಪಾಯಿತು ಎಂದೆ. ಕಾಕಾ ಹೆಂಡತಿಯ ಬೆರಳನ್ನೇ ನೋಡುತ್ತಿದ್ದರು.

ಕಾಕುವೇ ಅಂದರು, "ಇನ್ನಾ ಚೂರ ಹೊತ್ತೈತಿ. ಬರ್ರಿ, ಉಣ್ರಿ ಇಬ್ಬರೂ."

ಉಳ್ಳಾಗಡ್ಡಿ ಇಲ್ಲದ ಕಡಲೆಹಿಟ್ಟಿನ ಜುಣಕ, ಮೊಸರು, ಬಿಸಿ ರೊಟ್ಟಿ. ಕೊನೆಯ ತುತ್ತು ನುಂಗುವಾಗ ಹೊರಗೆ ಬೆಳಕು ಇನ್ನೂ ಇತ್ತೋ, ಹೋಗಿತ್ತೋ, ಈಗ ಹೇಳಲಾರೆ.

ಎಂಟನೆಯ ದಿನ ಚಿಕ್ಕೋಡಿಯಲ್ಲಿ ಸೇರಿದೆವು. ನಾನು ಗಾಡಿಯ ಮೇಲೆ, ಅವರಿಬ್ಬರೂ ಬಸ್ಸಿನಲ್ಲಿ. ಕಾಕಾ ಒಂದು ಕೈಚೀಲದಲ್ಲಿ ಎತ್ತಿನ ಕೋಡು ಹೆರೆಯುವ ಅರವನ್ನೂ, ನಿಪ್ಪಾಣಿಯ ಅದೇ ಕೈ ಹೆಸರು ಕೊರೆದ ಒಂದು ಹಿತ್ತಾಳೆ ತಂಬಿಗೆಯನ್ನೂ ತಂದಿದ್ದರು. ಕಾಕು ಒಳಗೆ ಬರಲಿಲ್ಲ. ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಸೊಂಟ ಹಿಡಿದುಕೊಂಡು ಕೂತರು.

ಇನ್ಸ್‌ಪೆಕ್ಟರು ಎಲ್ಲ ಕೇಳಿದರು. ಮೊದಲು ನಂಬದೆ, ಆಮೇಲೆ ನಗು ತಡೆದುಕೊಂಡು. ತಂಬಿಗೆಯ ಚುಕ್ಕೆಗಳನ್ನೂ ಅಚ್ಚಿನ ಚುಕ್ಕೆಗಳನ್ನೂ ಹೋಲಿಸಿದರು. ಎರಡರಲ್ಲೂ ಅಕ್ಷರದ ಬಾಲ ಒಂದೇ ಕಡೆ ವಾಲಿತ್ತು. ಹಳೆಯ ಫೈಲು ತರಿಸಿದರು. ಗಾಡಿ ಹೊಸದಿದ್ದಾಗ ತೆಗೆದ ಪೆನ್ಸಿಲ್ ಅಚ್ಚು ಅದರಲ್ಲಿ ಹಳದಿಯಾಗಿ ಕೂತಿತ್ತು. ಹೊರಗೆ ಬಂದು ಗಾಡಿಯ ಕುತ್ತಿಗೆಗೆ ಭೂತಗನ್ನಡಿ ಹಿಡಿದು, ಅರದ ಗೀರುಗಳ ಕೆಳಗೆ ಕಾರಖಾನೆಯ ಮೂರು ಅಂಕಿಗಳ ಗುರುತು ಉಳಿದದ್ದನ್ನು ಕಂಡರು. ಎಂಜಿನ್ ನಂಬರೂ ತಾಳೆಯಾಯಿತು. ಒಳಗೆ ಹೋಗಿ ಕೂತು ಪೆನ್ನು ತೆಗೆದರು.

"ಇನ್ನೊಂದೇ ಬಾಕಿ. ಈ ಹೆಸರು ಇನ್ನೊಬ್ಬರ ಮನೆಯದಲ್ಲ ಅಂತ ನನಗೆ ಹೇಳಿಕೆ ಬೇಕು. ಯಾರ ಹೆಸರು ಇದು, ಹೇಳಿ."

"ನಮ್ಮ ಮನಿಯಾಕೀದ್ರಿ."

"ಹೆಸರು ಹೇಳಿ."

ಕಾಕಾ ನನ್ನ ಕಡೆ ನೋಡಿದರು. ಗಂಡ ಹೆಂಡತಿಯ ಹೆಸರು ಹಿಡಿಯುವ ರೂಢಿ ಅವರ ಮನೆಯಲ್ಲಿ ಇರಲಿಲ್ಲ. ಮೂವತ್ತು ವರ್ಷದ ಸಂಸಾರ 'ಏ' ಅನ್ನುವುದರಲ್ಲೇ ಮುಗಿದಿತ್ತು. ಅಕ್ಕಿಯ ಮೇಲೆ ಬರೆದ ಹೊಸ ಹೆಸರನ್ನೇ ಕರೆಯದವರು ಹಳೆಯದನ್ನು ಸರಕಾರಿ ಕಚೇರಿಯಲ್ಲಿ ಹೇಗೆ ಕರೆದಾರು?

"ಬರದ ಕೊಡ್ತೇನ್ರಿ ಸಾಹೇಬ್ರ."

"ಬರೆದಿರೋದು ಆಗಲೇ ಇದೆಯಲ್ಲ, ಗಾಡಿ ಮೇಲೆ," ಅಂದರು ಇನ್ಸ್‌ಪೆಕ್ಟರು. "ಬಾಯಲ್ಲಿ ಹೇಳಿ. ಇಲ್ಲಾಂದ್ರೆ ನಾನು ಏನಂತ ಬರೆಯಲಿ?"

ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಕಾಕಾನ ಹಣೆಯಲ್ಲಿ ಬೆವರು. ಠಾಣೆ, ಕೇಸು, ಕಾಲುವೆಯ ಹತ್ತಿರ ನಿಂತು ಕೇಳಿದವರ ಬಾಯಿ, ಎಲ್ಲ ಆ ಒಂದು ಮಾತಿನ ಆಚೆ ಇದ್ದವು. ನಾನೇ ಹೇಳಿಬಿಡಲೇ ಅನ್ನಿಸಿತು. ಆದರೆ ಒಂದು ಸಲ ಆ ಹೆಸರನ್ನು ಒದರಿದವನು ನಾನು, ಅದೇ ಸಾಕಾಗಿತ್ತು. ಬಾಗಿಲಲ್ಲಿದ್ದ ಕಚೇರಿಯ ಮುದಿ ಜವಾನ ಆ ಕಡೆಯವನೇ. ಅವನಿಗೆ ಕರುಣೆ ಬಂದಿರಬೇಕು.

"ಒಡಪ ಹಚ್ಚಿ ಹೇಳ್ರಿ ಯಜಮಾನ್ರ," ಅಂದ. "ಲಗ್ನದಾಗ ಹೇಳಿದಂಗ. ಒಡಪಿನ್ಯಾಗ ಬಂದ್ರ ದೋಷ ಇಲ್ಲ."

ಒಡಪು ಅಂದರೆ ಎರಡು ಮೂರು ಸಾಲಿನ ಪ್ರಾಸದ ಮಾತು. ಮದುವೆಯಲ್ಲಿ ಗಂಡು ಹೆಣ್ಣು ಅದರ ಕೊನೆಗೆ ನಾಚುತ್ತ ಒಬ್ಬರ ಹೆಸರನ್ನೊಬ್ಬರು ಹೇಳುತ್ತಾರೆ. ಕಾಕಾ ಎದ್ದು ನಿಂತರು. ಟೋಪಿ ಸರಿ ಮಾಡಿಕೊಂಡರು. ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ, ಶಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ ಹೇಳಿದರು:

"ಕಾರಹುಣ್ಣಿಮಿ ದಿನ ಎತ್ತಿನ ಕೋಡಿಗಿ ಬಣ್ಣ,
ಫಟಫಟಿ ಕುತ್ತಿಗಿಗೂ ಹಚ್ಚಿದೆ ಅದ ಬಣ್ಣ,
ಬಣ್ಣದ ಬುಡಕ ಸುಮ್ಮನ ಕುಂತಾಕಿ..."

ಮತ್ತೆ ಆ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಕಾಗದ ಹಿಡಿದು ಓದಿದ ತಪ್ಪು ಸಾಕು.

ಹೆಸರು ಅವರು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು. ಟೈಪ್ ಮಾಡುತ್ತಿದ್ದವರ ಕೈ ನಿಂತಿತು. ಆಗ ಕಿಟಕಿಯ ಹೊರಗಿನಿಂದ, ಬೇವಿನ ಮರದ ಕಡೆಯಿಂದ, ತೆಳ್ಳನೆಯ ಎಳೆಯ ದನಿಯೊಂದು ಬಂತು.

"ಓ."

ಅದು ಐವತ್ತರ ಹೆಂಗಸಿನ ದನಿಯಾಗಿರಲಿಲ್ಲ. ನನಗೆ ಈಗಲೂ ಕೆಲವೊಮ್ಮೆ ಅನುಮಾನವಾಗುತ್ತದೆ, ಅದನ್ನು ನಾನು ನಿಜವಾಗಿ ಕೇಳಿದೆನೇ ಎಂದು. ಆದರೆ ಇನ್ಸ್‌ಪೆಕ್ಟರೂ ಕಿಟಕಿಯ ಕಡೆ ತಿರುಗಿದ್ದರು. ಆಮೇಲೆ ಬಗ್ಗಿ ಬರೆಯತೊಡಗಿದರು. ಅಳಿದ ನಂಬರನ್ನು ತಾವು ಹೇಳಿದ ಕಡೆ ಹೊಸದಾಗಿ ಹೊಡೆಸಲು ಅನುಮತಿ ಕೊಟ್ಟರು. ಚುಕ್ಕೆಯ ನಂಬರನ್ನು ಅರ ಹಾಕಿ ತೆಗೆಸಬೇಕು ಅಂದರು.

"ಮತ್ತ ಹೆಸರ್ರಿ?" ಎಂದು ಕೇಳಿದೆ.

"ನಂಬರ್ ನನ್ನ ಕೆಲಸ," ಅಂದರು ಅವರು. "ಹೆಸರಿಗೆ ನಮ್ಮಲ್ಲಿ ಯಾವ ಫಾರ್ಮೂ ಇಲ್ಲ."

ಹಾಗೆ ಹೆಸರು ಉಳಿಯಿತು. ಐಗಳಿ, ತೆಲಸಂಗ, ನಡುವಿನ ಸುಳ್ಳು ಕೆರೆಗಳು, ಎಲ್ಲವನ್ನೂ ನಾನು ಆ ಹೆಸರನ್ನು ಮುಂದಿಟ್ಟುಕೊಂಡೇ ದಾಟಿದೆ. ಎಷ್ಟೋ ಕರುಗಳು ಅದರ ಪುಣ್ಯದಿಂದ ಬದುಕಿದವು. ಕಾರಹುಣ್ಣಿಮೆಗೆ ತಪ್ಪದೆ ವಾರ್ನಿಸು ಬಳಿದೆ, ಅರ ಮಾತ್ರ ಮುಟ್ಟಿಸಲಿಲ್ಲ.

ಆದರೆ ಅವತ್ತಿನ ಮಧ್ಯಾಹ್ನ ಕಚೇರಿಯಲ್ಲಿ ಮುಗಿಯಲಿಲ್ಲ. ಅವರನ್ನು ಬಸ್ಸು ಹತ್ತಿಸಲು ನಾನೂ ನಿಲ್ದಾಣಕ್ಕೆ ಹೋಗಿದ್ದೆ. ಕಾಕು ಕಟ್ಟೆಯ ಮೇಲೆ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಗವಾಡದ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಕಾಕಾ ಓಡಿ ಕಿಟಕಿಯಿಂದ ರುಮಾಲು ಹಾಕಿ ಸೀಟು ಹಿಡಿದು, ಬಾಗಿಲಲ್ಲಿ ನಿಂತು ಕರೆದರು.

"ಏ, ಬಾ. ಬಸ್ ಬಂತು."

ಕಾಕು ಅಲುಗಲಿಲ್ಲ. ರಸ್ತೆಯ ಆಚೆ ಏನೋ ಇದ್ದ ಹಾಗೆ ಅತ್ತ ನೋಡುತ್ತಿದ್ದರು.

"ಏ, ಕೇಳಸವಲ್ದೇನು? ಬಸ್ ಬಿಡತೈತಿ!"

ಕಾಕು ಸೆರಗು ಸರಿ ಮಾಡಿಕೊಂಡು ಇನ್ನಷ್ಟು ಭದ್ರವಾಗಿ ಕೂತರು. ನನಗೆ ಗಾಬರಿಯಾಯಿತು, ಸೊಂಟ ಹಿಡಿದುಕೊಂಡಿತೇ ಎಂದು ಹತ್ತಿರ ಹೋದೆ. ಅವರ ಮುಖದಲ್ಲಿ ನೋವಿರಲಿಲ್ಲ. ತುಟಿ ಬಿಗಿ ಹಿಡಿದಿದ್ದರು, ಕಣ್ಣು ನಗುತ್ತಿತ್ತು. ಕಂಡಕ್ಟರು ಗಂಟೆ ಹೊಡೆದ. ಕಾಕಾ ಬಸ್ಸಿನೊಳಗಿನ ಜನರನ್ನು ನೋಡಿದರು, ನಿಲ್ದಾಣದ ಜನರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಟ್ಟಿಲಿಳಿದು ಬಂದು, ಒಡಪಿಲ್ಲದೆ, ಬರೀ ಹೆಸರು ಹಿಡಿದು ಕರೆದರು.

ಕಾಕು ಎದ್ದರು.